ಹೊರೇಸನ ಕಣ್ಣು, ಸಿರಿಲನ ಕೋಲು

ವಿಲ್ಲನ್‌ಹಾಲ್ ಎಂದರೆ ಬೀಗದ ಊರು. ಹೊರೇಸ್ ಫೆರಡೇಯ ಅಪ್ಪ ಹಿತ್ತಿಲಿನ ಕಮ್ಮಟದಲ್ಲಿ ಅರ ಹಿಡಿದು ಬಗ್ಗಿ ಬಗ್ಗಿ ಬೆನ್ನು ಗೂನು ಮಾಡಿಕೊಂಡಿದ್ದ. ಅಜ್ಜನದೂ ಗೂನೇ. ಊರಿನಲ್ಲಿ ಅದನ್ನು ಯಾರೂ ಕುಂದೆಂದು ಎಣಿಸುತ್ತಿರಲಿಲ್ಲ. ನೆಟ್ಟಗೆ ನಿಂತವನನ್ನೇ ಇವನು ಮೈಗಳ್ಳನಿರಬೇಕೆಂದು ಅನುಮಾನದಿಂದ ನೋಡುತ್ತಿದ್ದರು. ಹೊರೇಸನ ಕಾಲಕ್ಕೆ ಕೆಲಸ ಕಾರ್ಖಾನೆಗೆ ಹೋಯಿತು, ಅವನ ಬೆನ್ನು ಉಳಿಯಿತು. ಹದಿನಾಲ್ಕನೆಯ ವಯಸ್ಸಿಗೆ ಒಳಗೆ ಹೋದವನು ಅರುವತ್ತೈದಕ್ಕೆ ಹೊರಬರುವವರೆಗೆ ಬೀಗದ ಹೊಟ್ಟೆಯೊಳಗೆ ಕೂರುವ ಹಿತ್ತಾಳೆಯ ತೆಳು ತಗಡುಗಳನ್ನು ಉಜ್ಜಿ ಜೋಡಿಸಿದ. ಕೂದಲೆಳೆಯಷ್ಟು ಹೆಚ್ಚುಕಡಿಮೆಯನ್ನೂ ಬರಿಗಣ್ಣಿನಲ್ಲೇ ಹೇಳುತ್ತಿದ್ದ. ಮೊದಮೊದಲು ಅಳೆದು ನೋಡುತ್ತಿದ್ದ ಮೇಸ್ತ್ರಿ ಆಮೇಲೆ ಅಳೆಯುವುದನ್ನೇ ಬಿಟ್ಟ.

ವಾರವಿಡೀ ಕಾರ್ಖಾನೆಗೆ ದುಡಿದ ಆ ಕಣ್ಣು ಬೇಸಿಗೆಯ ಭಾನುವಾರಗಳಲ್ಲಿ ವರ್ಫ್ ಹೊಳೆಯ ದಂಡೆಯಲ್ಲಿ ಸ್ವಂತಕ್ಕೆ ದುಡಿಯುತ್ತಿತ್ತು. ಜೊತೆಗೆ ಇಬ್ಬರು. ಸಿರಿಲ್ ಬೇಚ್ ಅದೇ ಕಾರ್ಖಾನೆಯಲ್ಲಿ ಪಕ್ಕದ ಮೇಜಿನವನು. ದಪ್ಪ ಆಸಾಮಿ, ಬಾಯಿ ಜೋರು, ಆದರೆ ಗಾಳದ ಕೋಲು ಹಿಡಿದರೆ ಕೈ ಮಾತ್ರ ಬಹಳ ಹಗುರ. ಅಮೋಸ್ ಪಿಟ್‌ವೇ ಬ್ರೆಡ್ಡು ಸುಡುವವನು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಬೇಕರಿಯ ಹಳೇ ವ್ಯಾನು, ತಿಂಡಿಯ ಬುಟ್ಟಿ, ಮೀನನ್ನು ದಡಕ್ಕೆ ಎತ್ತುವ ಕೈಬಲೆ, ಮೂರೂ ಅವನ ಪಾಲಿನವು. 1936ರಲ್ಲಿ ಒಟ್ಟಾದವರು ಯುದ್ಧದ ನಾಲ್ಕೈದು ವರ್ಷ ಚದರಿದ್ದು ಬಿಟ್ಟರೆ ಮತ್ತೆ ಬಿಡಿಯಾಗಲಿಲ್ಲ.

ಅವರು ಹಿಡಿಯುತ್ತಿದ್ದದ್ದು ಚಬ್ ಎಂಬ ಮೀನು. ಮೊಣಕೈಯುದ್ದ, ಹಳೇ ಹಿತ್ತಾಳೆಯ ಬಣ್ಣ, ಬಿಳಿ ತುಟಿಯ ದೊಡ್ಡ ಬಾಯಿ. ತಿನ್ನಲು ಲಾಯಕ್ಕಿಲ್ಲ, ಬರೀ ಮುಳ್ಳು. ಹಿಡಿದವರು ಅದರ ತೂಕದ ಬಗ್ಗೆ ಒಂದಿಷ್ಟು ಜಗಳವಾಡಿ ನೀರಿಗೆ ಬಿಟ್ಟುಬಿಡುತ್ತಾರೆ. ಹಾಗಾದರೆ ಹಿಡಿಯುವುದು ಯಾಕೆ ಎಂದು ಕೇಳುವವರು ಹೊಳೆಯ ಕಡೆ ಬಾರದಿರುವುದೇ ವಾಸಿ. ಚಬ್ ಮಹಾ ಹೊಟ್ಟೆಬಾಕ. ಬ್ರೆಡ್ಡು, ಚೀಸು, ಮಿಡತೆ, ಮರದಿಂದ ಉದುರಿದ ಚೆರ್ರಿ, ಯಾವುದನ್ನೂ ಬೇಡ ಎನ್ನುವುದಿಲ್ಲ. ಅಷ್ಟೇ ಪುಕ್ಕಲು ಕೂಡ. ದಂಡೆಯ ಮೇಲೆ ಒಂದು ನೆರಳು ಅಲ್ಲಾಡಿದರೆ ಇಡೀ ಗುಂಪು ಸದ್ದಿಲ್ಲದೆ ಕೆಳಗಿಳಿದು ಮಾಯವಾಗುತ್ತದೆ, ಆಮೇಲೆ ಒಂದು ಗಂಟೆ ಕಾದರೂ ಬಾರದು.

ಅದಕ್ಕೇ ಮೂವರೂ ಒಂದೇ ಕೋಲಿನಲ್ಲಿ ಹಿಡಿಯುವ ಕ್ರಮ ಮಾಡಿಕೊಂಡಿದ್ದರು. ಸಿರಿಲ್ ತುರಿಕೆ ಗಿಡಗಳ ನಡುವೆ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ, ಪೊದೆಯ ಸಂದಿನಿಂದ ಉದ್ದನೆಯ ಕೋಲನ್ನು ಹೊರಗೆ ಚಾಚಿ, ಗೇಣುದ್ದದ ದಾರದ ತುದಿಯಲ್ಲಿ ಮಿಡತೆಯನ್ನು ನೀರಿಗೆ ಮುಟ್ಟಿಸಬೇಕು. ಮಲಗಿದವನಿಗೆ ಎಲೆಯ ಹೊರತು ಏನೂ ಕಾಣದು. ಅವನಿಗೆ ಕಾಣಿಸುವುದು ಹೊರೇಸನ ಕೆಲಸ. ಹಿಂದೆ ಎತ್ತರದಲ್ಲಿ ಮರದ ಕಾಂಡಕ್ಕೆ ಮೈ ಹತ್ತಿಸಿ ನಿಂತು ಅವನು ಮೆಲ್ಲಗೆ ಹೇಳುತ್ತಿದ್ದ: ಎಡಕ್ಕೆ ಒಂದಡಿ, ಇನ್ನೊಂದು ಸ್ವಲ್ಪ, ಇಳಿಸು, ದೊಡ್ಡದು ತಿರುಗಿತು, ಬರ್ತಾ ಇದೆ, ತಡೆ, ತಡೆ, ಈಗ. ಆ ‘ಈಗ’ ಬರುವವರೆಗೆ ಸಿರಿಲ್ ಕೋಲನ್ನು ಎತ್ತುವಂತಿಲ್ಲ. ಮೀನು ಬಾಯಿ ಮುಚ್ಚುವ ಮೊದಲೇ ಎತ್ತಿದರೆ ಮಿಡತೆ ಬಾಯಿಂದ ಜಾರಿ ಬರುತ್ತದೆ. ಬೇರೆ ದೋಸ್ತರ ಗುಂಪಿನಲ್ಲಿ ಕೋಲು ಕೈ ಬದಲಾಗುತ್ತಿತ್ತು, ಇವರಲ್ಲಿ ಬದಲಾಗಲಿಲ್ಲ. ನಲವತ್ತು ವರ್ಷದಲ್ಲಿ ಹೊರೇಸ್ ಕೋಲು ಹಿಡಿದವನಲ್ಲ, ಸಿರಿಲ್ ನೀರು ನೋಡಿದವನಲ್ಲ. ಹೀಗೆ ಹಿಡಿದ ಮೀನು ಯಾರದು ಎಂಬ ಪ್ರಶ್ನೆ ಎದ್ದದ್ದೇ ಇಲ್ಲ.

ಆ ಕಣ್ಣು ಕೈಕೊಟ್ಟಿತು. ಮೊದಲು ಪತ್ರಿಕೆಯ ಸಾಲುಗಳು ಬಾಗತೊಡಗಿದವು. ಆಮೇಲೆ ನೋಡಿದ ಕಡೆಯೇ ನಡುಮಧ್ಯೆ ಒಂದು ಮಬ್ಬು ಕೂತಿತು. ಎದುರಿಗಿದ್ದವನ ಕಿವಿ ಕಾಣುತ್ತಿತ್ತು, ಟೋಪಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಜನವರಿಯಲ್ಲಿ ಆಸ್ಪತ್ರೆಯವರು ಹೇಳಿದರು: ಅಂಚು ಉಳಿಯುತ್ತದೆ, ನಡು ಉಳಿಯುವುದಿಲ್ಲ, ಔಷಧಿಯಿಲ್ಲ. ಹೊರೇಸ್ ಮನೆಗೆ ಬಂದು ಹೆಂಡತಿ ಈಡಾಳ ಹತ್ತಿರ ಒಂದೇ ಮಾತು ಕೇಳಿಕೊಂಡ, ಸಿರಿಲನಿಗೂ ಅಮೋಸನಿಗೂ ಗೊತ್ತಾಗಬಾರದು.

ಯಾಕೆ ಎಂದರೆ ಅವನು ತನ್ನ ಮಾವನನ್ನು ನೋಡಿದ್ದ. ಕಣ್ಣು ಹೋದ ಮೇಲೆ ಆ ಮನುಷ್ಯನ ಹತ್ತಿರ ಊರಿಗೆ ಊರೇ ದನಿ ತಗ್ಗಿಸಿ ಮಾತಾಡತೊಡಗಿತು. ಪಬ್ಬಿನಲ್ಲಿ ಮೊಣಕೈ ಹಿಡಿದು ಕೂರಿಸುತ್ತಿದ್ದರು, ಕೈಗೆ ಲೋಟ ಕೊಡುತ್ತಿದ್ದರು, ಅವನು ಹೇಳಿದ್ದಕ್ಕೆಲ್ಲ ಹೌದೌದು ಎನ್ನುತ್ತಿದ್ದರು. ಒಂದು ವರ್ಷದಲ್ಲಿ ಅವನನ್ನು ಬೈಯುವವರೇ ಇಲ್ಲದಂತಾಯಿತು. ಹೊರೇಸನಿಗೆ ಕುರುಡಿಗಿಂತ ಆ ಮರ್ಯಾದೆಯ ಭಯ ಹೆಚ್ಚಾಗಿತ್ತು. ಅವನು ಆ ಗುಂಪಿನಲ್ಲಿದ್ದದ್ದೇ ಕಣ್ಣಾಗಿ. ಕಣ್ಣಿಲ್ಲದಿದ್ದರೆ ವ್ಯಾನಿನ ಪಕ್ಕ ಕುರ್ಚಿ ಹಾಕಿ ಕೂರಿಸಿ, ಟೀ ಬಾಟಲಿ ಕೊಟ್ಟು, ಪಾಪ ಹೊರೇಸ್ ಎಂದು ಅವರಿಬ್ಬರೇ ಹೊಳೆಗೆ ಇಳಿದಾರು.

ಈಡಾ ಆರು ತಿಂಗಳು ನಾಲಿಗೆ ಬಿಗಿಹಿಡಿದಳು. 1976ರ ಜುಲೈ ಮೊದಲ ಭಾನುವಾರ ಬೆಳಗ್ಗೆ ಅವನ ಅಂಗಿಯ ಗುಂಡಿ ಸರಿಮಾಡುತ್ತಾ, ಇವತ್ತು ಸಂಜೆಯೊಳಗೆ ನೀನು ಹೇಳದಿದ್ದರೆ ನಾಳೆ ನಾನೇ ಹೋಗಿ ಹೇಳುತ್ತೇನೆ ಎಂದಳು. ಅವಳು ಹೇಳಿದ್ದನ್ನು ಮಾಡುವ ಹೆಂಗಸು. ಹೊರೇಸ್ ಟೋಪಿ ಹಾಕಿಕೊಂಡ.

ಆ ಬೇಸಿಗೆಯನ್ನು ಕಂಡವರು ಇವತ್ತಿಗೂ ಮರೆತಿಲ್ಲ. ಮಳೆ ಬಿದ್ದು ವಾರಗಳಾಗಿದ್ದವು. ಹುಲ್ಲೆಲ್ಲ ಒಣಗಿ ಕಂದಾಗಿತ್ತು, ಹೆಜ್ಜೆಯಿಟ್ಟಲ್ಲೆಲ್ಲ ಮಿಡತೆ ಸಿಡಿಯುತ್ತಿದ್ದವು. ಹೊಳೆ ಇಳಿದು ತಿಳಿಯಾಗಿ, ತಳದ ಕಲ್ಲು ಎಣಿಸುವ ಹಾಗಿದೆಯೆಂದು ಸಿರಿಲ್ ದಾರಿಯುದ್ದಕ್ಕೂ ಹೇಳಿದ. ಹೊರೇಸ್ ಹೂಂ ಎಂದ. ಇಂಥ ನೀರನ್ನು ನೋಡಲು ಹಿಂದೆ ಅವನು ವಾರವೆಲ್ಲ ಕಾಯುತ್ತಿದ್ದ, ಈಗ ಅದು ಅವನಿಗೆ ಸುಮ್ಮನೆ ಒಂದು ಬೆಳಕು.

ಆದರೂ ಬೆಳಗಿನ ಹೊತ್ತು ಅವನು ಗೆದ್ದ. ಕಲ್ಲುಸೇತುವೆಯ ಮಡು ಅವನಿಗೆ ಮನೆಯ ಮೆಟ್ಟಿಲಿನಷ್ಟು ಗೊತ್ತು. ಬೆಳಗ್ಗೆ ಒಂಬತ್ತಕ್ಕೆ ಚಬ್‌ಗಳು ಎಡಗಂಬದ ನೆರಳಿನಲ್ಲಿ ಮೂತಿಯನ್ನು ಹರಿವಿಗೆ ಕೊಟ್ಟು ನಿಲ್ಲುತ್ತವೆ, ದೊಡ್ಡದು ಎಲ್ಲಕ್ಕಿಂತ ಮುಂದೆ. ಅವನು ಕಣ್ಣನ್ನು ಮುಚ್ಚಿಯೇ ಹೇಳಿದ: ಎಡಕ್ಕೆ, ಇನ್ನೂ ಎಡಕ್ಕೆ, ಇಳಿಸು. ಅವನ ಮನಸ್ಸಿನ ಹೊಳೆಯಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು. 1938ರ ಹೊಳೆ, 1951ರ ಹೊಳೆ, ಈಡಾ ಒಮ್ಮೆ ಬುತ್ತಿ ತಂದು ಇದೇ ಸೇತುವೆಯ ಮೇಲೆ ಕೂತು ಕಾಲು ಅಲ್ಲಾಡಿಸಿ ಎಲ್ಲ ಮೀನನ್ನೂ ಓಡಿಸಿ ಮೂವರ ಕೈಲೂ ಬೈಸಿಕೊಂಡ ಮಧ್ಯಾಹ್ನ. ಆಗ ಹೊರೇಸ್ ಈಡಾರ ಮದುವೆಯಾಗಿ ಒಂದು ವರ್ಷ. ನೀರಿನಲ್ಲಿ ಗುಳುಕ್ ಎಂದಿತು. ಮಿಡತೆ ನುಂಗುವ ಸದ್ದು. ಹೊರೇಸ್ ಎರಡು ಎಣಿಸಿ ಈಗ ಎಂದ, ಸಿರಿಲ್ ಎತ್ತಿದ, ಕೋಲು ಬಾಗಿತು. ಅಮೋಸ್ ಬಲೆಯಲ್ಲಿ ಎತ್ತಿದ ಮೀನು ಮೂರೂವರೆ ಪೌಂಡು ಎಂದು ಸಿರಿಲ್, ಮೂರೂ ಇಲ್ಲ ಎಂದು ಅಮೋಸ್. ಗೆದ್ದದ್ದಕ್ಕೆ ಖುಷಿಯಾಗಬೇಕಿತ್ತು, ಆದರೆ ಹೊರೇಸ್ ಕದ್ದು ತಿಂದವನ ಹಾಗೆ ಇಬ್ಬರಿಂದಲೂ ಮುಖ ತಿರುಗಿಸಿಕೊಂಡ.

ಮಧ್ಯಾಹ್ನ ಮರದಡಿ ಕೂತು ಚೀಸು ಈರುಳ್ಳಿಯ ಬ್ರೆಡ್ಡು, ಹಂದಿಮಾಂಸದ ಪೈ ತಿಂದರು, ತಣ್ಣಗಿನ ಟೀ ಕುಡಿದರು. ಹೇಳುವುದಾದರೆ ಈಗ ಹೇಳಬಹುದಿತ್ತು. ಹೊರೇಸ್ ಎರಡು ಸಲ ಬಾಯಿ ತೆರೆದ. ಒಂದು ಸಲ ಸಿರಿಲ್ ಕಾರ್ಖಾನೆಯ ಹಳೇ ಮೇಸ್ತ್ರಿಯ ಕಥೆ ಶುರುಮಾಡಿದ, ಇನ್ನೊಂದು ಸಲ ಅಮೋಸ್ ಉಪ್ಪಿನಕಾಯಿ ಈರುಳ್ಳಿ ಕೊಟ್ಟ. ನೆಪ ಸಿಕ್ಕಿದ್ದಕ್ಕೆ ಅವನು ಇಬ್ಬರಿಗೂ ಮನಸ್ಸಿನಲ್ಲೇ ಕೈಮುಗಿದ. ಮತ್ತೆ ಕೆಳಗಿನ ತಿರುವಿಗೆ ಹೊರಟರು.

ಆ ತಿರುವಿನಲ್ಲಿ ಒಂದು ವಿಲ್ಲೋ ಮರ. ಕೊಂಬೆಗಳು ನೀರಿನ ಮೇಲೆ ಚಪ್ಪರ ಹಾಕಿದ ಹಾಗೆ ಬಿದ್ದಿದ್ದವು, ಕೆಳಗೆ ಯಾವಾಗಲೂ ಮೂರು ಮೀನು. ನಲವತ್ತು ವರ್ಷದಲ್ಲಿ ಆ ಮರ ಬರಿಗೈಲಿ ಕಳಿಸಿದ ದಿನಗಳನ್ನು ಬೆರಳಿನಲ್ಲಿ ಎಣಿಸಬಹುದು. ಸಿರಿಲ್ ಇಪ್ಪತ್ತು ಗಜ ಹಿಂದಿನಿಂದಲೇ, ತಲೆ ತಗ್ಗಿಸಿ, ಏದುಸಿರು ಬಿಡುತ್ತಾ ತೆವಳತೊಡಗಿದ. ಅಮೋಸ್ ಬಲೆ ಹಿಡಿದು ಹಿಂದೆ ಕುಕ್ಕರಿಸಿದ. ಹೊರೇಸ್ ಎತ್ತರದಲ್ಲಿ ನಿಂತು ಬೆಳಗಿನ ಹಾಗೇ ಕಣ್ಣು ಮುಚ್ಚಿ ಹೇಳಿದ.

“ಮೂರಿವೆ. ಕೆಳಗಿನ ಕೊಂಬೆ ನೆರಳಲ್ಲಿ. ದೊಡ್ಡದು ಬೇರಿನ ಪಕ್ಕಕ್ಕೇ ಇದೆ, ಕೊಂಬೆಗೆ ತಾಗಿಸ್ಬೇಡ, ಬಲಕ್ಕೆ ಬಾ.”

ಸಿರಿಲನ ಕೋಲು ಮುಂದಕ್ಕೆ ಹೋಗಿ ನಿಂತಿತು. ಹಿಂದೆ ಅಮೋಸ್ ಗಂಟಲು ಸರಿಮಾಡಿಕೊಂಡ.

ಮರ ಅಲ್ಲಿರಲಿಲ್ಲ. ಹೊಸ ವರ್ಷದ ಬಿರುಗಾಳಿಗೆ ಬುಡಸಮೇತ ಮಗುಚಿದ್ದನ್ನು ಹೊಲದವನು ಕತ್ತರಿಸಿ ಸಾಗಿಸಿದ್ದ. ಈ ವರ್ಷ ಅವರು ಆ ಕಡೆ ಬಂದದ್ದು ಇದೇ ಮೊದಲು, ಪೊದೆಗಳ ಮರೆಯಲ್ಲಿ ಬಗ್ಗಿ ಬಂದ ಸಿರಿಲನಿಗೂ ಅಮೋಸನಿಗೂ ಅಲ್ಲಿಯವರೆಗೆ ಅದು ಕಂಡಿರಲಿಲ್ಲ. ಅದಿದ್ದ ಜಾಗದಲ್ಲಿ ದಂಡೆ ಇಳಿಜಾರಾಗಿ, ಬಿಸಿಲು ಬಟಾಬಯಲಾಗಿ ನೀರಿಗೆ ಬಿದ್ದಿತ್ತು. ಹೊರೇಸ್ ಹೇಳಿದ ಬೇರಿನ ಪಕ್ಕದಲ್ಲಿ, ಮೊಣಕಾಲುದ್ದ ನೀರಿನಲ್ಲಿ, ಎರಡು ಹಸು ನಿಂತಿದ್ದವು. ಒಂದು ನೀರು ಕುಡಿಯುತ್ತಿತ್ತು. ಇನ್ನೊಂದು ತಲೆಯೆತ್ತಿ, ಹುಲ್ಲಿನಿಂದ ಇಣುಕಿದ ಸಿರಿಲನನ್ನು ನೋಡುತ್ತಿತ್ತು.

ಸಿರಿಲ್ ಕೋಲು ಕೆಳಗಿಟ್ಟು ಎದ್ದು ನಿಂತ. ಚಬ್ ಹಿಡಿಯುವವನು ದಂಡೆಯ ಮೇಲೆ ಎದ್ದು ನಿಲ್ಲುವುದು ಎಂದರೆ ಆಟ ಮುಗಿಯಿತೆಂದೇ ಲೆಕ್ಕ. ಆ ಎದ್ದ ಸದ್ದಿನಲ್ಲೇ ತಾನು ಸಿಕ್ಕಿಬಿದ್ದೆನೆಂದು ಹೊರೇಸನಿಗೆ ತಿಳಿಯಿತು.

“ಹೊರೇಸ್, ಯಾವ ಮರ?”

ಆಗ ಹಸು ಒಂದು ಸಲ ನೀರು ಸೀಳಿ ಹೆಜ್ಜೆ ಕಿತ್ತಿತು, ಅದು ಏನಿರಬಹುದೆಂದು ಹೊರೇಸ್ ಆ ಕಡೆ ಕಿವಿ ತಿರುಗಿಸಿದ. ಮುಖವನ್ನಲ್ಲ, ಕಿವಿಯನ್ನು. ಅದನ್ನು ಇಬ್ಬರೂ ನೋಡಿದರು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು, ಸಾವಿನ ಸುದ್ದಿ ಹೇಳಬಂದವನ ಹಾಗೆ ನಿಂತು ಎಲ್ಲವನ್ನೂ ಹೇಳಿದ. ನಡು ಹೋಗಿದೆ, ಅಂಚು ಇದೆ. ಹೋದ ವರ್ಷದ ಬೇಸಿಗೆಯಿಂದಲೇ ನೀರಿನೊಳಗಿನದು ಕಂಡಿಲ್ಲ. ನೆನಪಿನಿಂದ, ಕಿವಿಯಿಂದ ನಡೆಸಿದ್ದೇನೆ. ನಾನು ಇಲ್ಲೇ ಕೂತಿರುತ್ತೇನೆ, ನೀವಿಬ್ಬರೂ ಮುಂದೆ ಹೋಗಿ ಎಂದ. ಹೇಳಿ ಮುಗಿಸಿ, ಅವರು ದನಿ ತಗ್ಗಿಸಿ ಮಾತಾಡುವುದನ್ನೇ ಕಾದು ನಿಂತ.

ಸಿರಿಲ್ ದನಿ ತಗ್ಗಿಸಲಿಲ್ಲ.

“ಹೋದ ವರ್ಷದಿಂದಾನಾ? ಹಂಗಾದ್ರೆ ಹೋದ ಆಗಸ್ಟಲ್ಲಿ ಆ ಗಿರಣಿ ಹತ್ರ ಎರಡು ಗಂಟೆ ತುರಿಕೆ ಗಿಡದಲ್ಲಿ ಮಲಗಿಸಿದ್ಯಲ್ಲ ನನ್ನ, ನಾಲ್ಕ್ ಮೀನಿದೆ, ಮೆಲ್ಲಗೆ ಮೆಲ್ಲಗೆ ಅಂತ?”

“ಇರ್ಬೋದು ಅನ್ಕೊಂಡೆ,” ಎಂದ ಹೊರೇಸ್.

“ಇರ್ಬೋದು ಅನ್ಕೊಂಡ್ಯಾ. ಒಂದು ವಾರ ನನ್ನ ಹೊಟ್ಟೆ ಮೇಲೆ ಬೊಬ್ಬೆ ಇತ್ತು ಕಣಯ್ಯಾ. ಹೆಂಡ್ತಿ ಏನೋ ರೋಗ ಅಂತ ಡಾಕ್ಟ್ರ ಹತ್ರ ಎಳ್ಕೊಂಡು ಹೋದ್ಲು.”

ಅಮೋಸ್ ನಗು ತಡೆಯಲಾಗದೆ ಬಲೆಯ ಹಿಡಿಯನ್ನು ಬಾಯಿಗೆ ಒತ್ತಿಕೊಂಡ. ಸಿರಿಲ್ ಆ ಕಡೆ ಈ ಕಡೆ ಓಡಾಡುತ್ತಾ ಇನ್ನೂ ಒಂದಷ್ಟು ಬೈದ. ಸುಳ್ಳು ಹೇಳಿದ್ದಕ್ಕೆ ಅವನಿಗೆ ನಿಜವಾಗಿ ಸಿಟ್ಟು ಬಂದಿತ್ತು, ಅದರ ಹಿಂದೆ ಹೆದರಿಕೆಯೂ ಇತ್ತು, ಎರಡನ್ನೂ ಹೊರಹಾಕಲು ಅವನಿಗೆ ಗೊತ್ತಿದ್ದದ್ದು ಬಾಯಿ ಒಂದೇ. ಬಾಯಿ ಸೋತ ಮೇಲೆ ಹೊಳೆ ನೋಡುತ್ತಾ ನಿಂತ. ಆಗ ಅಮೋಸ್ ಎದ್ದು, ಬಿದ್ದಿದ್ದ ಕೋಲನ್ನು ಎತ್ತಿಕೊಂಡು, ಹೊರೇಸನ ಕೈಗೆ ಹಿಡಿಸಿದ.

“ಮಲಗಿದವನಿಗೆ ಹೆಂಗೂ ಏನೂ ಕಾಣಲ್ವಲ್ಲ,” ಎಂದ.

ಅಮೋಸನ ಆ ದಿನದ ಹತ್ತು ಮಾತಿನಲ್ಲಿ ಅದೊಂದು. ಸಿರಿಲ್ ತಕ್ಷಣ ಒಪ್ಪಲಿಲ್ಲ. ನಲವತ್ತು ವರ್ಷ ತನ್ನ ಕೈಯಲ್ಲಿದ್ದ ಕೋಲನ್ನು ಬೇರೆಯವರ ಕೈಯಲ್ಲಿ ನೋಡುವುದು ಅವನಿಗೂ ಹೊಸದು. ಬೇಡ, ಕೋಲು ನಿನ್ನದು ಎಂದು ಹೊರೇಸ್ ವಾಪಸು ಚಾಚಿದ. ಸಿರಿಲ್ ಅದನ್ನು ಒಂದು ಗಳಿಗೆ ಹಿಡಿದುಕೊಂಡು, ಮತ್ತೆ ಅವನ ಎದೆಗೇ ತಳ್ಳಿದ. ತಿರುವು ದಾಟಿ ಮುಂದೆ ಆಲ್ಡರ್ ಮರಗಳ ಮಡುವಿದೆ, ಅಲ್ಲಿಗೆ ಹೋಗೋಣ, ಹಸುಗಳ ಎದುರಿಗೆ ತನ್ನ ಮಾನ ಹೋಗಿದ್ದು ಸಾಕು ಎಂದ.

ಅಲ್ಲಿ ನೀರಿನ ಕಡೆ ಬಾಗಿದ ಒಂದು ಕಾಂಡವಿತ್ತು. ಸಿರಿಲ್ ಅರುವತ್ತೊಂಬತ್ತು ವರ್ಷದ, ಎಂಬತ್ತೊಂಬತ್ತು ಕಿಲೋದ ದೇಹವನ್ನು ಅದರ ಮೇಲೆ ಹತ್ತಿಸಿ, ಕಾಲು ಎರಡೂ ಕಡೆ ಇಳಿಬಿಟ್ಟು ಕೂತ. ಹೊರೇಸ್ ಹೊಟ್ಟೆಯ ಮೇಲೆ ಮಲಗಿ ತೆವಳಿದ. ಎಪ್ಪತ್ತೊಂದರಲ್ಲಿ ತೆವಳುವುದನ್ನು ಕಲಿಯುವುದು ಸುಲಭವಲ್ಲ. ತುರಿಕೆ ಗಿಡ ಮುಂಗೈಗೆ ಸವರಿತು, ಉರಿಯೆದ್ದಿತು. ಮೂಗಿಗೆ ಕಾಡುಪುದೀನದ ವಾಸನೆ, ಒಣ ಮಣ್ಣಿನ ವಾಸನೆ. ಕಣ್ಣಿನ ಮುಂದೆ ಹಸಿರು ಮಬ್ಬು. ಕೋಲು ಹೊರಕ್ಕೆ ಚಾಚಿ ಕಿವಿಗೊಟ್ಟು ಮಲಗಿದಾಗ ಅವನಿಗೆ ಒಂದು ಸಂಗತಿ ಹೊಳೆಯಿತು. ಸಿರಿಲ್ ನಲವತ್ತು ಬೇಸಿಗೆ ಹೀಗೇ ಮಲಗಿದ್ದ. ಒಂದು ಮೀನನ್ನೂ ಕಾಣದೆ, ಹಿಂದಿನಿಂದ ಬರುವ ಮಾತೊಂದನ್ನೇ ನಂಬಿಕೊಂಡು. ತಾನು ಒಂದು ವರ್ಷಕ್ಕೇ ಹೆದರಿ ಸತ್ತೆನಲ್ಲ ಎಂದು ಹೊರೇಸನಿಗೆ ನಾಚಿಕೆಯಾಯಿತು. ಆ ದಪ್ಪ ಮನುಷ್ಯನ ಮೇಲೆ ಹೇಳತೀರದ ಪ್ರೀತಿಯೂ ಬಂತು.

ಸಿರಿಲ್ ಕಣ್ಣಾಗಿ ಬಹಳ ಸಾಧಾರಣ. ಎಡ ಎಂದು ಹೇಳಿ, ಅಲ್ಲ ಬಲ ಎಂದು ತಿದ್ದಿ, ನನ್ನ ಬಲವಲ್ಲ ನಿನ್ನ ಬಲ ಎಂದು ಮತ್ತೆ ತಿದ್ದಿದ. ಒಂದು ಸಲ ಮುಳುಗಿದ ಕಟ್ಟಿಗೆಯನ್ನೇ ಐದು ಪೌಂಡಿನ ಮೀನೆಂದು ತಿಳಿದು ಅದರ ಮೂಗಿಗೆ ಹೊರೇಸನ ಕೈಲಿ ಮಿಡತೆ ಕುಣಿಸಿದ. ಆಮೇಲೆ ಇದ್ದಕ್ಕಿದ್ದಂತೆ ಅವನ ದನಿ ಬದಲಾಯಿತು. ನಿಜವಾಗಿ ಮೀನು ಕಂಡವನ ದನಿ ಹೇಗಿರುತ್ತದೆಂದು ಹೊರೇಸನಿಗಿಂತ ಚೆನ್ನಾಗಿ ಬಲ್ಲವರಿಲ್ಲ.

“ಬೇರಿನ ಕೆಳಗಿಂದ ಬಂತು. ದೇವ್ರೇ, ಏನ್ ಗಾತ್ರ. ಹಂಗೇ ಇರು, ಅಲ್ಲಾಡ್ಬೇಡ. ಮೇಲಕ್ ಬರ್ತಾ ಇದೆ, ನೋಡ್ತಾ ಇದೆ, ತಡೆ—”

ಬೀಗದ ತಗಡಿನ ಮೇಲೆ ಐವತ್ತೊಂದು ವರ್ಷ ಓಡಾಡಿದ ಬೆರಳಿಗೆ ದಾರದ ತುದಿಯಲ್ಲಿ ಏನೋ ಮುಟ್ಟಿದ್ದು ತಿಳಿಯಿತು. ಬರೀ ಒಂದು ತುಟಿಯ ಭಾರ. ಹೊರೇಸ್ ಎತ್ತಿಬಿಟ್ಟ.

ನೀರು ಧಡಾರೆಂದಿತು. ಕೋಲು ಹಗುರವಾಗಿ ಮೇಲೆ ಹಾರಿತು, ಮಿಡತೆ ಅವನ ಹಣೆಗೇ ಬಂದು ಅಂಟಿತು. ಆಮೇಲೆ ಮಡುವಿನಲ್ಲಿ ಏನೂ ಇಲ್ಲ.

ಮರದ ಮೇಲಿನಿಂದ ಸಿರಿಲ್ ಮಂಗಳಾರತಿ ಎತ್ತಿದ. ಬಾಯಿ ಮುಚ್ಚಿರಲಿಲ್ಲ ಅದು, ಬಾಯಿ ಇನ್ನೂ ತೆರೆದಿತ್ತು, ಒಳಗಿನ ಬಿಳುಪು ಕಾಣುತ್ತಿತ್ತು, ಐದು ಪೌಂಡಿಗೆ ಒಂದು ಗುಲಗಂಜಿ ಕಡಿಮೆಯಿರಲಿಲ್ಲ ಎಂದ. ಕಣ್ಣು ಹೋದರೆ ಹೋಗಲಿ, ಕೈಗೇನು ರೋಗ ಬಂದಿತ್ತು ಎಂದ. ಅಮೋಸನ ಬ್ರೆಡ್ಡಿನ ಹಿಟ್ಟಿಗೂ ಇದಕ್ಕಿಂತ ತಾಳ್ಮೆಯಿದೆ ಎಂದ. ಅಮೋಸ್ ಹೌದು ಎಂದ. ಆಮೇಲೆ ಸಿರಿಲನ ದನಿ ಸ್ವಲ್ಪ ಇಳಿಯಿತು. ಮರುಕದಿಂದಲ್ಲ, ಉಸಿರು ಮುಗಿದು.

“ನಲವತ್ತು ವರ್ಷ ನಿನ್ನ ಮಾತಿಗೆ ಕಾದಿದೀನಿ ನಾನು. ನೀನು ನನ್ನ ಮಾತಿಗೆ ಒಂದೇ ಒಂದು ಸಲ ಕಾಯಕ್ಕಾಗ್ಲಿಲ್ವೇನೋ?”

ಹೊರೇಸ್ ಹಣೆಯ ಮೇಲಿನ ಮಿಡತೆಯನ್ನು ತೆಗೆದ. ಅವನಿಗೆ ನಗು ಬಂತು, ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ, ಯಾರೂ ಬಂದು ಬೆನ್ನು ತಟ್ಟಲಿಲ್ಲ. ಜನವರಿಯಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದುಹೋಗಿತ್ತು.

ಮುಕ್ಕಾಲು ಗಂಟೆ ಮೂವರೂ ಮಿಸುಕಾಡದೆ ಕೂತರು. ನೆರಳು ಹೊಳೆಯ ಅರ್ಧಕ್ಕೆ ಬಂತು. ಸಿರಿಲ್ ಕಾಂಡದ ಮೇಲಿಂದ ಇಳಿಯಲಿಲ್ಲ, ಕಾಲು ಜೋಮು ಹಿಡಿದಿದೆಯೆಂದು ಒಂದೆರಡು ಸಲ ಗೊಣಗಿದ. ಕೊನೆಗೆ ಮೀನು ಮತ್ತೆ ಬೇರಿನ ಹತ್ತಿರ ಬಂದಿದೆ ಎಂದ. ಅಮೋಸ್ ಹೊಸ ಮಿಡತೆ ಚುಚ್ಚಿಕೊಟ್ಟ. ಹೊರೇಸ್ ಕೋಲನ್ನು ಚಾಚಿ ಇಳಿಸಿದ.

ದಾರಕ್ಕೆ ತುಟಿಯ ಭಾರ ಬಂತು. ಬೆರಳೆಲ್ಲ ಎತ್ತು ಎತ್ತು ಎನ್ನುತ್ತಿತ್ತು.

“ಇನ್ನೂ ಇಲ್ಲ,” ಎಂದ ಸಿರಿಲ್.

ಹೊರೇಸ್ ಕಾದ.